ಕೊಂಡಜ್ಜಿ ಕೆರೆ ದಂಡೆಯ ಡೇರೆಗಳು

ಏಪ್ರಿಲ್ ಹತ್ತರ ಸುಮಾರಿಗೆ ಫಲಿತಾಂಶದ ಹಾಳೆ ಓದಿ ಮುಗಿಸಿದರೆಂದರೆ ಸವಳಂಗದ ಮಕ್ಕಳಿಗೆ ಬೇಸಿಗೆ ಶುರು. ಮಲೆನಾಡು ಮುಗಿಯುತ್ತ ಬಂದು ಬಯಲುಸೀಮೆ ಕಣ್ಣಿಗೆ ಬೀಳುವ ಜಾಗ ಇದು. ಶಿವಮೊಗ್ಗದಿಂದ ಬಂದ ದಾರಿ ಇಲ್ಲಿ ಒಂದು ಕಡೆ ಶಿಕಾರಿಪುರಕ್ಕೆ, ಇನ್ನೊಂದು ಕಡೆ ನ್ಯಾಮತಿ, ಹೊನ್ನಾಳಿಗೆ ಹೊರಳುತ್ತದೆ. ಸುತ್ತ ಅಡಿಕೆ ತೋಟ, ಮೆಕ್ಕೆಜೋಳದ ಹೊಲ, ಲಂಬಾಣಿ ತಾಂಡಾಗಳು, ಕೆರೆ. ರಜೆಯಲ್ಲಿ ಮಕ್ಕಳು ಹೋಗುವುದು ಅಜ್ಜಿ ಊರಿಗೆ, ಜಾತ್ರೆಗೆ, ಇಲ್ಲವೇ ಎಮ್ಮೆ ಹೊಡೆದುಕೊಂಡು ಕೆರೆಗೆ. ಅಂಥ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕುತ್ತಿಗೆಗೆ ಸ್ಕಾರ್ಫ್ ಸುತ್ತಿದ ಎಂಟತ್ತು ಮಕ್ಕಳು, ಪಕ್ಕದಲ್ಲಿ ಹಗ್ಗ ಬಿಗಿದ ಹಾಸಿಗೆ ಸುರುಳಿ, ತಟ್ಟೆ ಲೋಟ ತುಂಬಿದ ಕೈಚೀಲ, ಬೆವರು ಒರೆಸಿಕೊಳ್ಳುತ್ತ ಹೆಸರು ಕೂಗುವ ಸ್ಕೌಟ್ ಮೇಷ್ಟ್ರು ಕಂಡರೆ ಕೇಳುವುದೇ ಬೇಡ, ಶಿಬಿರಕ್ಕೆ ಹೊರಟವರು. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಸ್ಕೌಟ್ ಶಿಬಿರ ಅಂದರೆ ಬಹುಪಾಲು ಕೊಂಡಜ್ಜಿ.

“ಸಾರ್, ನೀರಿನ ಕಡೆ ಮಾತ್ರ ಬಿಡಬ್ಯಾಡ್ರಿ. ನಮ್ಮನಿಗೆ ಈಜು ಬರಲ್ಲ.”

“ಇಲ್ಲ ಕಣಮ್ಮ, ನಾನೇ ಜೊತೇಲಿರ್ತೀನಿ. ನೀವು ಧೈರ್ಯವಾಗಿ ಹೋಗ್ರಿ.”

“ಊಟಕ್ಕೇನ್ ಮಾಡ್ತಾರೆ ಸಾರ್ ಅಲ್ಲಿ?”

“ಅವರೇ ಮಾಡ್ಕೋತಾರೆ.”

ಈ ಕೊನೆಯ ಮಾತಿಗೆ ತಾಯಿ ಮಗನ ಮುಖ ನೋಡುತ್ತಾಳೆ. ಮನೆಯಲ್ಲಿ ನೀರಿನ ಲೋಟವನ್ನೂ ಕೈಗೆ ಕೊಡಿಸಿಕೊಳ್ಳುವವನು ಅನ್ನ ಬೇಯಿಸುತ್ತಾನೆ ಅಂದರೆ ನಂಬುವುದು ಹೇಗೆ? ಕೆರೆ ದಂಡೆಯ ಶಿಬಿರಗಳ ನೂರು ವರ್ಷಕ್ಕೂ ಮೀರಿದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಂದೇ ಮಾತು: ಅವರೇ ಮಾಡ್ಕೋತಾರೆ. ಮನೆ ಬಿಟ್ಟು ಬಂದ ಮಕ್ಕಳು, ಪರಿಚಯವಿಲ್ಲದ ಮಕ್ಕಳ ಜೊತೆ ಕೂತು, ತಮ್ಮ ಅನ್ನ ತಾವು ಬೇಯಿಸಿ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವುದು. ಧ್ವಜ, ಸೀಟಿ, ಕವಾಯತು, ಹಾಡು ಎಲ್ಲವೂ ಅದರ ಸುತ್ತ ಬಂದು ಸೇರಿಕೊಂಡಂಥವು.

ಬಸ್ಸು ನ್ಯಾಮತಿ ದಾಟಿ ಹೊನ್ನಾಳಿಯಲ್ಲಿ ತುಂಗಭದ್ರೆಯ ಸೇತುವೆ ಹತ್ತುತ್ತದೆ. ಏಪ್ರಿಲ್ ಹೊಳೆ, ಬಂಡೆಗಳೆಲ್ಲ ಬೆನ್ನು ಮೇಲೆತ್ತಿರುತ್ತವೆ. ಮಲೇಬೆನ್ನೂರಿನ ಆಸುಪಾಸಿನಲ್ಲಿ ಭದ್ರಾ ನಾಲೆಯ ನೀರುಂಡ ಬೇಸಿಗೆ ಭತ್ತ ಕಣ್ಣಿಗೆ ತಂಪು ಕೊಡುತ್ತದೆ. ಹರಿಹರ ಬಂದಾಗ ಬಿಸಿಲು ನೆತ್ತಿಗೇರಿರುತ್ತದೆ. ಅಲ್ಲಿಂದ ಮುಂದೆ ನೆಲ ಒಣಗುತ್ತ, ಗುಡ್ಡಗಳು ಹತ್ತಿರವಾಗುತ್ತ, ಇದ್ದಕ್ಕಿದ್ದಂತೆ ಒಂದು ತಿರುವಿನಾಚೆ ನೀರು. ಗುಡ್ಡ, ಕುರುಚಲು ಕಾಡು, ಕೆರೆ, ಅದೇ ಕೊಂಡಜ್ಜಿ. ದಾವಣಗೆರೆಯವರಿಗೆ ಭಾನುವಾರ ಬುತ್ತಿ ಕಟ್ಟಿಕೊಂಡು ಬರುವ ತಾಣ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನ ಮಕ್ಕಳಿಗೆ ತರಬೇತಿ ಕೇಂದ್ರ. ದಾವಣಗೆರೆ ಪೇಟೆಯಿಂದ ಹದಿನಾಲ್ಕು ಹದಿನೈದು ಕಿಲೋಮೀಟರ್ ದೂರ ಅಷ್ಟೇ. ಆದರೆ ಮೊದಲ ಸಲ ಬಂದ ಹುಡುಗನಿಗೆ ಸವಳಂಗ ಆಗ ಬೇರೊಂದು ಲೋಕದಲ್ಲಿರುತ್ತದೆ.

ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು ಕೊಂಡಜ್ಜಿ ಬಸಪ್ಪ. 1971ರಲ್ಲಿ ಚಿತ್ರದುರ್ಗದಿಂದ, 1977ರಲ್ಲಿ ದಾವಣಗೆರೆಯಿಂದ ಲೋಕಸಭೆಗೆ ಗೆದ್ದು ಹೋದ ಕಾಂಗ್ರೆಸ್ ನಾಯಕ. ರಾಜಕಾರಣದ ಜೊತೆಜೊತೆಗೇ ರಾಜ್ಯದ ಸ್ಕೌಟ್ ಚಳವಳಿಯ ಹೊಣೆ ಹೊತ್ತವರು. ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕಚೇರಿಯ ಆವರಣದಲ್ಲಿರುವ ಸಭಾಂಗಣಕ್ಕೆ ಅವರ ಹೆಸರೇ ಇದೆ. ಸಾಹಿತ್ಯ ಸಭೆ, ಸಂಘಟನೆಗಳ ಸಮಾವೇಶ ಅಂತ ಅಲ್ಲಿಗೆ ಹೋಗಿ ಬಂದವರು ನಾಡಿನ ತುಂಬ ಇದ್ದಾರೆ. ಆದರೆ ಬಸಪ್ಪನವರ ಹೆಸರು ನಿಜವಾಗಿ ಉಸಿರಾಡುವುದು ಆ ಸಭಾಂಗಣದಲ್ಲಲ್ಲ, ಹರಿಹರ ತಾಲ್ಲೂಕಿನ ಈ ಕೆರೆ ದಂಡೆಯಲ್ಲಿ ಅಂತ ನನ್ನ ಭಾವನೆ. ಅಧಿಕಾರ ಕಂಡವರು ಊರಿಗೆ ರಸ್ತೆ, ಆಸ್ಪತ್ರೆ, ಕಾಲೇಜು ತಂದದ್ದನ್ನು ಬೇಕಾದಷ್ಟು ಕಂಡಿದ್ದೇವೆ. ಊರಿನ ಕೆರೆ ನಾಡಿನ ಮಕ್ಕಳಿಗೆಲ್ಲ ಶಿಬಿರದ ನೆಲವಾಗುವುದು ಅಪರೂಪ.

ಕೊಂಡಜ್ಜಿಯ ಡೇರೆಗೆ ಹಗ್ಗ ಎಲ್ಲಿಂದ ಬಂತು ಅಂತ ಹುಡುಕಿದರೆ ದೂರ ಹೋಗಬೇಕಾಗುತ್ತದೆ.

1881ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸೀಮೆಯ ಸ್ಕ್ವಾಮ್ ಸರೋವರದಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ಕಾಲೇಜು ವಿದ್ಯಾರ್ಥಿ ಒಂದು ಶಿಬಿರ ಶುರು ಮಾಡಿದ. ಹೆಸರು ಕ್ಯಾಂಪ್ ಚೊಕೊರುವಾ. ಸಿರಿವಂತರ ಮಕ್ಕಳು ಬೇಸಿಗೆಯಿಡೀ ಹೋಟೆಲುಗಳಲ್ಲಿ ಸುಮ್ಮನೆ ಬಿದ್ದುಕೊಂಡು ಹಾಳಾಗುತ್ತಿದ್ದಾರೆ ಎಂಬುದು ಅವನ ಸಂಕಟ. ಅವನ ಶಿಬಿರದಲ್ಲಿ ಆಳುಕಾಳು ಇರಲಿಲ್ಲ. ಅಡುಗೆ, ಪಾತ್ರೆ, ಕಸ, ದೋಣಿ, ಎಲ್ಲವೂ ಹುಡುಗರ ಪಾಲು. ನಾಲ್ಕೇ ವರ್ಷಕ್ಕೆ, 1885ರಲ್ಲಿ, ವೈಎಂಸಿಎಯ ಸಮ್ನರ್ ಡಡ್ಲಿ ಏಳು ಹುಡುಗರನ್ನು ಕಟ್ಟಿಕೊಂಡು ನ್ಯೂಯಾರ್ಕ್ ಸೀಮೆಯ ಆರೆಂಜ್ ಲೇಕ್ ದಂಡೆಗೆ ಹೋದ. ಆ ಶಿಬಿರ ಮುಂದೆ ಷಾಂಪ್ಲೇನ್ ಸರೋವರದ ದಡಕ್ಕೆ ಬಂದು ಇಂದಿಗೂ ನಡೆಯುತ್ತಿದೆ. ಸರೋವರ, ಬೇಸಿಗೆ, ಹುಡುಗರು ಈ ಮೂರೂ ಒಟ್ಟಿಗೆ ಕೂಡಿದ್ದು ಅಲ್ಲಿ.

ಸ್ಕೌಟ್ ಶಿಬಿರದ ಬೇರು ಮಾತ್ರ ಬೇರೆ ಕಡೆಯದು, ಅದರ ಒಂದು ಎಳೆ ನಮ್ಮ ದೇಶದಲ್ಲೇ ಇದೆ. ಸ್ಕೌಟ್ ಚಳವಳಿ ಕಟ್ಟಿದ ರಾಬರ್ಟ್ ಬೇಡನ್ ಪೊವೆಲ್ ಹತ್ತೊಂಬತ್ತರ ಹರೆಯದಲ್ಲಿ, 1876ರಲ್ಲಿ, ಸೇನಾಧಿಕಾರಿಯಾಗಿ ಬಂದಿಳಿದದ್ದು ಲಖನೌಗೆ. ಮುಂದೆ 1897ರಲ್ಲಿ ಮೀರತ್‌ನಲ್ಲಿ ಒಂದು ರೆಜಿಮೆಂಟಿನ ಮುಖ್ಯಸ್ಥನಾಗಿದ್ದಾಗ ಸೈನಿಕರನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು, ಹೆಜ್ಜೆ ಗುರುತು ಓದುವುದು, ದಿಕ್ಕು ಹಿಡಿಯುವುದು, ತಾನೇ ಯೋಚಿಸಿ ನಿರ್ಧರಿಸುವುದು ಇವನ್ನೆಲ್ಲ ಕಲಿಸಿದ. ಆಮೇಲೆ ದಕ್ಷಿಣ ಆಫ್ರಿಕಾದ ಮ್ಯಾಫೆಕಿಂಗ್. 217 ದಿನಗಳ ಮುತ್ತಿಗೆ. ಊರೊಳಗಿನ ಹುಡುಗರು ಗುಂಡಿನ ನಡುವೆ ಓಲೆ ಹೊತ್ತು ಓಡಾಡಿದರು. ಹೊಣೆ ಕೊಟ್ಟರೆ ಮಕ್ಕಳು ಹೊರುತ್ತಾರೆ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾದದ್ದು ಅಲ್ಲಿ.

ಆ ನಂಬಿಕೆಯ ಪರೀಕ್ಷೆ 1907ರ ಆಗಸ್ಟ್‌ನಲ್ಲಿ, ಇಂಗ್ಲೆಂಡಿನ ಪೂಲ್ ಬಂದರಿನ ಬ್ರೌನ್ಸೀ ದ್ವೀಪದಲ್ಲಿ. ಇಪ್ಪತ್ತರ ಆಸುಪಾಸಿನ ಹುಡುಗರು. ತೋಳ, ಕಾಗೆ, ಗೂಳಿ, ಕಡಲಹಕ್ಕಿ ಹೀಗೆ ನಾಲ್ಕು ತಂಡ. ಬೆಳಿಗ್ಗೆ ಎಬ್ಬಿಸಲು ಆಫ್ರಿಕಾದಿಂದ ತಂದ ಕುಡು ಎಂಬ ಜಿಂಕೆಯ ಸುರುಳಿ ಕೊಂಬಿನ ಕಹಳೆ. ಅರ್ಧದಷ್ಟು ಹುಡುಗರು ದುಬಾರಿ ವಸತಿ ಶಾಲೆಗಳಲ್ಲಿ ಓದುವ ಮನೆತನಸ್ಥರ ಮಕ್ಕಳು. ಉಳಿದವರು ದುಡಿದು ತಿನ್ನುವವರ ಮಕ್ಕಳು. ಆ ಕಾಲದ ಇಂಗ್ಲೆಂಡಿನಲ್ಲಿ ಈ ಎರಡು ಬಗೆಯವರು ಒಂದು ಬೆಂಚಿನಲ್ಲಿ ಕೂರುತ್ತಿರಲಿಲ್ಲ. ದ್ವೀಪದಲ್ಲಿ ಒಂದೇ ಡೇರೆಯಲ್ಲಿ ಮಲಗಿದರು, ಒಂದೇ ಬೆಂಕಿಯ ಸುತ್ತ ಕೂತರು. ಮರುವರ್ಷ, 1908ರಲ್ಲಿ, ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕ ಬಂತು. ಅದರ ಮರುವರ್ಷವೇ ಭಾರತದ ಮೊದಲ ಸ್ಕೌಟ್ ದಳ ಹುಟ್ಟಿತು. ಎಲ್ಲಿ ಅಂದರೆ ಬೆಂಗಳೂರಿನಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಕೈಯಲ್ಲಿ.

ಆದರೆ ಬೆಂಗಳೂರಿನ ಆ ದಳಕ್ಕೆ ಬೆಂಗಳೂರಿನ ನಮ್ಮ ಹುಡುಗರು ಸೇರುವಂತಿರಲಿಲ್ಲ. ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗಷ್ಟೇ ಪ್ರವೇಶ. ಬ್ರೌನ್ಸೀಯಲ್ಲಿ ಬಡವ ಬಲ್ಲಿದರನ್ನು ಒಂದೇ ಡೇರೆಯಲ್ಲಿ ಮಲಗಿಸಿದ ಚಳವಳಿ ಸಮುದ್ರ ದಾಟಿ ಬಂದಾಗ ಬಣ್ಣ ನೋಡಿ ಬಾಗಿಲು ಹಾಕಿಕೊಂಡಿತು. ಈ ಅವಮಾನವನ್ನು ಮರೆತು ಸ್ಕೌಟಿಂಗಿನ ಚರಿತ್ರೆ ಬರೆಯಬಾರದು. ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಿ. ಎಸ್. ಅರುಂಡೇಲ್ ಭಾರತೀಯ ಹುಡುಗರಿಗೇ ಬೇರೆ ಸಂಘ ಕಟ್ಟಿದರು. ಅವರ ಹುಡುಗರು ತಲೆಗೆ ರುಮಾಲು ಸುತ್ತಿ ನಮ್ಮ ಹಾಡುಗಳನ್ನು ಹಾಡಿದರು. ಅಲಹಾಬಾದಿನಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಸ್ಕೌಟ್ ದಳ ಕಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಸಂಸ್ಥಾನಕ್ಕೂ ಅದರದೇ ಸ್ಕೌಟ್ ಸಂಘಟನೆ ಬಂತು. ಶಾಲೆ ಇದ್ದ ಊರುಗಳಿಗೆ ಅದು ಮೇಷ್ಟ್ರ ಮೂಲಕ ತಲುಪಿತು. ಆನಿ ಬೆಸೆಂಟರ ಹೆಸರು ದೊಡ್ಡಬಳ್ಳಾಪುರದ ಸ್ಕೌಟ್ ಶಿಬಿರದ ತೋಪಿನಲ್ಲಿ ಇವತ್ತಿಗೂ ಉಳಿದಿದೆ. ಕೊಂಡಜ್ಜಿಯ ಹಾಗೆಯೇ ನಾಡಿನ ಸ್ಕೌಟ್ ಮೇಷ್ಟ್ರುಗಳ ಬಾಯಲ್ಲಿ ಸದಾ ಇರುವ ಹೆಸರು ಅದು.

ಹರಿಹರದಲ್ಲಿ ನಿಂತು ಹೊಳೆಯಾಚೆ ನೋಡಿದರೆ ಈ ಚರಿತ್ರೆಯ ಇನ್ನೊಂದು ಅರ್ಧ ಕಾಣುತ್ತದೆ. 1956ರವರೆಗೆ ತುಂಗಭದ್ರೆಯ ಈ ದಡ ಮೈಸೂರು ಸೀಮೆ. ಆಚೆ ದಡದ ರಾಣೆಬೆನ್ನೂರು ಧಾರವಾಡ ಜಿಲ್ಲೆ, ಮುಂಬಯಿ ಆಡಳಿತ. ಈ ದಡದಲ್ಲಿ ಮಹಾರಾಜರ ಹೆಸರಿನಲ್ಲಿ ಪ್ರತಿಜ್ಞೆ ಮಾಡುವ ಸ್ಕೌಟ್ ಹುಡುಗರಿದ್ದ ಕಾಲಕ್ಕೆ ಆ ದಡದಲ್ಲಿ ಗಾಂಧಿ ಟೋಪಿಯ ಸೇವಾದಳದ ತರುಣರಿದ್ದರು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿದ್ದರು. ಅವರು ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರ ಜೊತೆ ಕೆಲಸ ಮಾಡಿ ಬಂದವರು. 1924ರ ಬೆಳಗಾವಿ ಕಾಂಗ್ರೆಸ್‌ಗೆ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನಕ್ಕೆ, ಶಿಸ್ತು ಕೊಟ್ಟವರು ಈ ದಳದ ಸ್ವಯಂಸೇವಕರು. ಅವರ ಶಿಬಿರದಲ್ಲೂ ಡೇರೆ, ಸೀಟಿ, ಕವಾಯತು, ಸರದಿ ಅಡುಗೆ. ಒಂದು ದಡದವರು ದೊರೆಗೆ ನಿಷ್ಠರು, ಇನ್ನೊಂದು ದಡದವರು ದೊರೆತನವನ್ನೇ ಕಿತ್ತೊಗೆಯಲು ಹೊರಟವರು. ಎರಡೂ ಕಡೆ ಹುಡುಗರು ಮಾತ್ರ ಒಂದೇ ಪಾಠ ಕಲಿಯುತ್ತಿದ್ದರು. ಈ ಎರಡು ದಡಗಳ ಕಥೆಯನ್ನು ಯಾರಾದರೂ ಕೂತು ಒಟ್ಟಿಗೆ ಬರೆಯಬೇಕು ಅಂತ ನನಗೆ ಬಹಳ ಆಸೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. 1937ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಜಾಂಬೂರಿ, ಅಂದರೆ ಸ್ಕೌಟ್‌ಗಳ ದೊಡ್ಡ ಮೇಳ, ನಡೆಯಿತು, ಬೇಡನ್ ಪೊವೆಲ್ ಬಂದಿದ್ದರು. ಆ ಬಳಿಕ ಭಾರತೀಯರ ಶೀಲದ ಬಗ್ಗೆ ಅವರು ಆಡಿದ ಮಾತು ಇಲ್ಲಿಯವರನ್ನು ಕೆರಳಿಸಿತು, 1938ರಲ್ಲಿ ಹಿಂದುಸ್ತಾನ್ ಸ್ಕೌಟ್ ಸಂಘ ಬೇರೆಯಾಗಿ ನಿಂತಿತು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಒಡೆದ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಕೂಡ ಸೇರಿತು. ಕೊಂಡಜ್ಜಿಯ ಡೇರೆ ಹುಗಿದದ್ದು ಈ ಒಗ್ಗೂಡಿದ ನೆಲದ ಮೇಲೆ.

ಈಗ ಕೆರೆಗೆ ಬರೋಣ.

ಸ್ಕ್ವಾಮ್ ಸರೋವರದ ಬೇಸಿಗೆ ಅಂದರೆ ತುಂಬಿದ ನೀರು, ತಂಪು ಗಾಳಿ, ದೋಣಿ, ಈಜು. ನಮ್ಮ ಕೆರೆಯ ಬೇಸಿಗೆ ಹಾಗಲ್ಲ. ರಜೆ ಬರುವುದು ಕೆರೆ ಸೊರಗಿದ ಕಾಲಕ್ಕೆ. ನೀರು ದಿನದಿನಕ್ಕೂ ಹಿಂದೆ ಸರಿಯುತ್ತದೆ. ಬಿಟ್ಟು ಹೋದ ಕೆರೆಯಂಗಳ ಬಿರುಕು ಬಿಟ್ಟು, ಹೆಜ್ಜೆ ಇಟ್ಟರೆ ಹೆಂಟೆ ಕಟಕಟ ಮುರಿಯುತ್ತದೆ. ಅಲ್ಲಲ್ಲಿ ಬೆಳ್ಳಗೆ ಒಣಗಿದ ಬಸವನಹುಳದ ಚಿಪ್ಪು. ಅಂಚಿನ ಕೆಸರಿನಲ್ಲಿ ಬೆಳ್ಳಕ್ಕಿಗಳ ಸಾಲು, ನೀರಿನ ನಡುವಿನ ಒಣ ಕೊಂಬೆಯ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ. ಯಾರಾದರೂ ಹತ್ತಿರ ಹೋದರೆ ಟಿಟ್ಟಿಭ ಊರಿಗೆಲ್ಲ ಕೇಳುವಂತೆ ಕೂಗಿಕೊಂಡು ಮೇಲೇಳುತ್ತದೆ. ಮೊಟ್ಟೆ ಅಲ್ಲೇ ಕಲ್ಲುಗಳ ನಡುವೆ ಎಲ್ಲೋ ಇದೆ ಎಂದರ್ಥ. ಹುಡುಗರಿಗೆ ಮೇಷ್ಟ್ರು ಕಲಿಸುವ ಮೊದಲ ಪಾಠಗಳಲ್ಲಿ ಇದೂ ಒಂದು: ಅದು ಕೂಗಿದರೆ ಕಾಲು ಹಿಂದಕ್ಕಿಡು.

ಹೀಗೆ ಕೆರೆ ಇಳಿದಿರುವುದರಿಂದಲೇ ಬೇಸಿಗೆ ಶಿಬಿರದ ಮಕ್ಕಳಿಗೆ ಮಳೆಗಾಲದಲ್ಲಿ ಕಾಣದ್ದು ಕಾಣುತ್ತದೆ. ಏರಿಯ ಕಲ್ಲುಕಟ್ಟು ಬುಡದವರೆಗೆ ಬಯಲಾಗಿರುತ್ತದೆ. ತೂಬು ಎಲ್ಲಿ, ಕೋಡಿ ಎಲ್ಲಿ, ಕೋಡಿ ಬಿದ್ದ ನೀರು ಯಾವ ಹಳ್ಳ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ, ಹಿಂದೆ ಊರಿನಲ್ಲಿ ತೂಬು ಎತ್ತಿ ಇಳಿಸುವ ನೀರುಗಂಟಿ ಏನು ಮಾಡುತ್ತಿದ್ದ, ಇದೆಲ್ಲ ಬೆರಳು ತೋರಿಸಿ ಹೇಳಬಹುದು. ಚನ್ನಗಿರಿ ಕಡೆಯ ಮಕ್ಕಳಿದ್ದರೆ ಸೂಳೆಕೆರೆಯ ಮಾತು ಬಂದೇ ಬರುತ್ತದೆ. ಎರಡು ಗುಡ್ಡಗಳ ಸಂದಿಗೆ ಮೋಟು ಏರಿ ಕಟ್ಟಿ, ಕಣ್ಣು ಹಾಯುವವರೆಗೆ ನೀರು ನಿಲ್ಲಿಸಿದ ಕೆರೆ ಅದು. ಶಾಂತಿಸಾಗರ ಎಂಬ ಇನ್ನೊಂದು ಹೆಸರು ಅದನ್ನು ಕಟ್ಟಿಸಿದಳೆಂದು ಜನ ನಂಬಿರುವ ಶಾಂತವ್ವೆಯದು. “ನಮ್ಮೂರ ಕೆರೆ ಮುಂದೆ ಇದೇನೂ ಅಲ್ಲ ಬಿಡೋ” ಅಂತ ಚನ್ನಗಿರಿಯವನು ಅಂದರೆ, “ಹಂಗಾರೆ ನೀನು ಅಲ್ಲೇ ಹೋಗಿ ಮಲಗು” ಅಂತ ಜಗಳೂರಿನವನು ಅನ್ನುತ್ತಾನೆ. ಜಗಳೂರು ನೀರಿಗಾಗಿ ಮುಗಿಲು ನೋಡುವ ಸೀಮೆ. ಆ ತಾಲ್ಲೂಕಿನ ಹುಡುಗ ಅಷ್ಟು ನೀರಿನ ಮುಂದೆ ಮಾತಿಲ್ಲದೆ ನಿಲ್ಲುವ ರೀತಿಯೇ ಬೇರೆ.

ಅಂದಹಾಗೆ ಈ ತಾಲ್ಲೂಕುಗಳೆಲ್ಲ ಒಂದೇ ಜಿಲ್ಲೆಯ ಮಕ್ಕಳಾದದ್ದು ತೀರಾ ಈಚೆಗೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ ಬಂದವು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ನ್ಯಾಮತಿ ತಾಲ್ಲೂಕು ಹೊನ್ನಾಳಿಯಿಂದ ಬೇರೆಯಾದದ್ದು ಇನ್ನೂ ಆಮೇಲೆ. ಸವಳಂಗದ ಮಾತಿನಲ್ಲಿ ಇವತ್ತಿಗೂ ಶಿವಮೊಗ್ಗೆಯ ವಾಸನೆ ಇದೆ. ಜಗಳೂರಿನ ಮಾತಿಗೆ ಕೊಟ್ಟೂರು, ಚಳ್ಳಕೆರೆಯ ಬಿಸಿಲಿನ ಖಡಕ್ಕು. ಈ ಮಾತುಗಳೆಲ್ಲ ಒಂದೇ ಡೇರೆಯೊಳಗೆ ತುಂಬಿಕೊಂಡು ರಾತ್ರಿಯೆಲ್ಲ ಒಂದಕ್ಕೊಂದು ನಗುವುದನ್ನು ಕೇಳಬೇಕೆಂದರೆ ಶಿಬಿರಕ್ಕೇ ಹೋಗಬೇಕು.

ಡೇರೆ ಹಾಕುವುದು ಮೊದಲ ಮಧ್ಯಾಹ್ನದ ಕೆಲಸ. ನಡುಗಂಬ ಎತ್ತಿ ಹಿಡಿಯಲು ಒಬ್ಬ, ಮೂಲೆಯ ಗೂಟ ಹೊಡೆಯಲು ನಾಲ್ವರು, ದೂರ ನಿಂತು “ಎಡಕ್ಕೆ, ಎಡಕ್ಕೆ, ಸಾಕು” ಅನ್ನಲು ತಂಡದ ನಾಯಕ. ಗೂಟವನ್ನು ನೆಟ್ಟಗೆ ಹೊಡೆದರೆ ಮೊದಲ ಗಾಳಿಗೇ ಕಿತ್ತು ಬರುತ್ತದೆ. ತಲೆ ಡೇರೆಯಿಂದ ಆಚೆಗೆ ವಾಲುವ ಹಾಗೆ ಓರೆಯಾಗಿ ಹೊಡೆಯಬೇಕು. ಹಗ್ಗ ಕಟ್ಟುವುದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹತ್ತಿಯ, ನಾರಿನ ಹಗ್ಗ ಒದ್ದೆಯಾದರೆ ಬಿಗಿದುಕೊಳ್ಳುತ್ತದೆ. ಸಂಜೆ ಮಲಗುವ ಮುಂಚೆ ಹೊರಗೆ ಬಂದು ಒಂದೊಂದನ್ನೂ ಸ್ವಲ್ಪ ಸಡಿಲಿಸದಿದ್ದರೆ, ನಡುರಾತ್ರಿ ಮಳೆ ಬಿದ್ದಾಗ ಹಗ್ಗವೇ ಗೂಟವನ್ನು ಕಿತ್ತುಹಾಕುತ್ತದೆ. ಈಗಿನ ನೈಲಾನ್ ಹಗ್ಗ ಇದಕ್ಕೆ ತದ್ವಿರುದ್ಧ, ನೆನೆದರೆ ಸಡಿಲವಾಗುತ್ತದೆ. ಹಾಗಾಗಿ ಹಳೆಯ ಮೇಷ್ಟ್ರು ಹೇಳಿದ್ದನ್ನು ಬಾಯಿಪಾಠ ಮಾಡಿದರೆ ಸಾಲದು, ಕೈಯಲ್ಲಿರುವ ಹಗ್ಗ ಯಾವುದು ಅಂತ ಮುಟ್ಟಿ ನೋಡಬೇಕು. ಏಪ್ರಿಲ್ ಕೊನೆಗೆ ಭರಣಿ ಮಳೆ. ಗುಡುಗು ಗುಡ್ಡದ ಮೇಲಿಂದ ಉರುಳಿಕೊಂಡು ಬಂದು ಡೇರೆಯ ಬಟ್ಟೆ ಪಟಪಟ ಬಡಿಯತೊಡಗಿದಾಗ, ಸುತ್ತ ತೋಡಿದ ಸಣ್ಣ ಕಾಲುವೆಯಲ್ಲಿ ನೀರು ಹೊರಗೇ ಹರಿದುಹೋಗುವುದನ್ನು ಟಾರ್ಚ್ ಬೆಳಕಿನಲ್ಲಿ ನೋಡಿದ ಹುಡುಗನಿಗೆ ಆಗುವ ಹೆಮ್ಮೆ ಯಾವ ಅಂಕಪಟ್ಟಿಯೂ ಕೊಡಲಾರದು.

ಗಂಟುಗಳ ಪಾಠ ಮರದ ನೆರಳಿನಲ್ಲಿ, ಬಿಸಿಲು ಏರಿದ ಮೇಲೆ. ರೀಫ್ ನಾಟ್, ಕ್ಲೋವ್ ಹಿಚ್, ಶೀಟ್ ಬೆಂಡ್, ಬೋಲೈನ್. ಹೆಸರುಗಳು ಹೊಸವು, ಕೈಗೆ ಮಾತ್ರ ಕೆಲವು ಮೊದಲೇ ಗೊತ್ತು. ಎತ್ತು ಕಟ್ಟಿ, ಹುಲ್ಲಿನ ಹೊರೆ ಬಿಗಿದು ಬೆಳೆದ ರೈತರ ಮಕ್ಕಳು ಕ್ಲೋವ್ ಹಿಚ್ ಕಂಡಕೂಡಲೇ “ಇದು ನಮ್ಮಪ್ಪ ಗೂಟಕ್ಕೆ ಹಾಕೋ ಕುಣಿಕೆನೇ ಅಲ್ವಾ?” ಅನ್ನುತ್ತಾರೆ. ಪೇಟೆಯ ಇಂಗ್ಲಿಷ್ ಶಾಲೆಯ ಹುಡುಗ ಆಗ ಅವನ ಪಕ್ಕಕ್ಕೆ ಸರಿದು ಕೂತು ತೋರಿಸಿಕೊಡು ಅಂತ ಕೇಳಬೇಕಾಗುತ್ತದೆ. ಶಾಲೆಯಲ್ಲಿ ಹಿಂದಿನ ಬೆಂಚಿನವನು ಇಲ್ಲಿ ಗುರುವಾಗುತ್ತಾನೆ. ಬೋಲೈನ್ ಗಂಟು ಮಾತ್ರ ಎಲ್ಲರಿಗೂ ಕಡ್ಡಾಯ. ಬಿಗಿದಷ್ಟೂ ಜಾರದೆ, ಕುಣಿಕೆ ಕಿರಿದಾಗದೆ ಇರುವ ಗಂಟು. ನೀರಿಗೆ ಬಿದ್ದವನತ್ತ ಎಸೆಯಲು ಅದೇ ಬೇಕು.

ನೀರಿನ ವಿಚಾರದಲ್ಲಿ ಸಲಿಗೆ ಇಲ್ಲ. ಬೇಸಿಗೆ ಕೆರೆ ನೋಡಲು ಸಾಧು, ಒಳಗೆ ಮೋಸ. ಗೋಡು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಮುಳುಗಬಹುದು. ಹೂಳು ಕಾಲು ಕಚ್ಚುತ್ತದೆ, ಜೊಂಡು ಸುತ್ತಿಕೊಳ್ಳುತ್ತದೆ. ಪ್ರತಿ ಬೇಸಿಗೆಯಲ್ಲೂ ನಮ್ಮ ಪತ್ರಿಕೆಗಳಲ್ಲಿ ಕೆರೆಗೆ ಈಜಲು ಹೋದ ಮಕ್ಕಳ ಸುದ್ದಿ ಓದಿ ಹೊಟ್ಟೆ ಉರಿಯುತ್ತದೆ. ಶಿಬಿರದಲ್ಲಿ ಒಬ್ಬನೇ ನೀರಿನ ಬಳಿ ಹೋಗುವಂತಿಲ್ಲ, ಸೀಟಿ ಇಲ್ಲದೆ ಇಳಿಯುವಂತಿಲ್ಲ, ಜೋಡಿ ಬಿಡುವಂತಿಲ್ಲ. ಬಿದ್ದವನನ್ನು ಕಂಡಾಗ ಮೊದಲು ಕೂಗು, ಆಮೇಲೆ ಕೋಲು ಅಥವಾ ಹಗ್ಗ ಚಾಚು, ಈಜು ಬಲ್ಲವನಲ್ಲದಿದ್ದರೆ ಹಾರಬೇಡ. ಗೆಳೆಯನನ್ನು ಉಳಿಸಲು ಹೋಗಿ ಇಬ್ಬರು ಮೂವರು ಒಟ್ಟಿಗೆ ಹೋಗುವ ಸಾವುಗಳನ್ನು ತಡೆಯುವ ಪಾಠ ಇದು. ಈ ಒಂದೇ ಪಾಠಕ್ಕಾಗಿ ಪ್ರತಿ ಶಾಲೆಯ ಮಕ್ಕಳನ್ನೂ ವರ್ಷಕ್ಕೊಮ್ಮೆ ಕೆರೆ ದಂಡೆಗೆ ಕರೆದೊಯ್ಯಬಹುದು.

ಸಂಜೆ ಅಡುಗೆ. ಮೂರು ಕಲ್ಲಿನ ಒಲೆ, ಹೊಗೆಯಿಂದ ಕೆಂಪಾದ ಕಣ್ಣು, ತಳ ಹಿಡಿದ ಅನ್ನ. ಡಬರಿಯ ಹೊರಮೈಗೆ ಮೊದಲೇ ಮಣ್ಣು ಮೆತ್ತಿದ್ದರೆ ಮಸಿ ಸಲೀಸಾಗಿ ಬಿಡುತ್ತದೆ ಎಂಬುದು ಪಾತ್ರೆ ತಿಕ್ಕುವ ಸರದಿ ಬಂದ ಮೇಲೇ ತಲೆಗೆ ಹೋಗುವುದು. ಒಂದು ದಿನ ಪಾತ್ರೆಯೇ ಇಲ್ಲದ ಅಡುಗೆ: ಹಸಿ ಕೋಲಿಗೆ ಚಪಾತಿ ಹಿಟ್ಟಿನ ಹಗ್ಗ ಸುತ್ತಿ ಕೆಂಡದ ಮೇಲೆ ತಿರುಗಿಸುತ್ತ ಸುಡುವುದು, ಆಲೂಗೆಡ್ಡೆ ಬೂದಿಯಲ್ಲಿ ಹುಗಿಯುವುದು, ಒಳಗಿನ ತಿರುಳು ತೆಗೆದ ಈರುಳ್ಳಿಯಲ್ಲಿ ಮೊಟ್ಟೆ ಒಡೆದು ಬೇಯಿಸುವುದು. ಸುಟ್ಟ ಹಿಟ್ಟು ಹೊರಗೆ ಕರಿ, ಒಳಗೆ ಹಸಿ. ಆದರೂ ಒಬ್ಬರೂ ಬಿಡುವುದಿಲ್ಲ.

ಈ ಊಟವನ್ನು ನಕ್ಕು ಮರೆಯುವಂತಿಲ್ಲ. ಬೇರೆ ಕೇರಿಯವರು ಮುಟ್ಟಿದ ನೀರನ್ನು ಕುಡಿಯದ ಮನೆಗಳು ನಮ್ಮಲ್ಲಿ ಬಹಳ ಕಾಲ ಇದ್ದವು, ಇವತ್ತೂ ಇವೆ. ಆ ಮನೆಯ ಹುಡುಗನ ತಂಡದಲ್ಲಿ ಅಕ್ಕಿ ತೊಳೆಯುವವನು ಯಾವ ಕೇರಿಯವನೋ, ಸೌಟು ಹಿಡಿದವನು ತಾಂಡಾದವನೋ, ಬಡಿಸುವವನು ಮಸೀದಿ ಓಣಿಯವನೋ. ಹಸಿವು ಜೋರಾಗಿರುತ್ತದೆ, ಅನ್ನ ಒಂದೇ ಇರುತ್ತದೆ. ಯಾರೂ ಭಾಷಣ ಮಾಡುವುದಿಲ್ಲ. ಸರದಿ ಪಟ್ಟಿ ಡೇರೆಯ ಕಂಬಕ್ಕೆ ಅಂಟಿಸಿರುತ್ತದೆ, ಅದರ ಪ್ರಕಾರ ನಡೆಯುತ್ತದೆ ಅಷ್ಟೇ. ಊರಿಗೆ ಮರಳಿದ ಮೇಲೆ ಆ ಹುಡುಗ ಮನೆಯಲ್ಲಿ ಈ ಸುದ್ದಿ ಹೇಳುತ್ತಾನೋ ಇಲ್ಲವೋ, ಉಂಡದ್ದು ಉಂಡಂತೆ. ಶಿಬಿರದ ಖರ್ಚು, ಬಿಸಿಲು, ಸೊಳ್ಳೆ ಎಲ್ಲವೂ ಈ ಒಂದು ಊಟಕ್ಕೆ ಸಾರ್ಥಕ ಅಂತ ನಾನು ಎದೆ ಮುಟ್ಟಿ ಹೇಳುತ್ತೇನೆ.

ಹೆಣ್ಣುಮಕ್ಕಳಿಗೆ ಈ ದಾರಿ ಇನ್ನೂ ಕಷ್ಟದ್ದಾಗಿತ್ತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಸ್ಕೌಟ್ ಮೇಳಕ್ಕೆ ಯಾರೂ ಕರೆಯದೆ ಹೋಗಿ “ನಾವೂ ಸ್ಕೌಟ್‌ಗಳೇ” ಎಂದು ನಿಂತ ಹುಡುಗಿಯರಿಂದ ಗೈಡ್ ಚಳವಳಿ ಹುಟ್ಟಿತು. 1911ರಲ್ಲಿ ಅದು ಜಬಲ್ಪುರಕ್ಕೆ ಬಂತು. ನಮ್ಮ ಹಳ್ಳಿಗಳ ಹೆಣ್ಣುಮಗಳೊಬ್ಬಳು ಮದುವೆಗೆ ಮುಂಚೆ ಮನೆಯ ಹೊರಗೆ ರಾತ್ರಿ ಕಳೆಯುವುದೇ ನೆಂಟರ ಮನೆಯಲ್ಲಿ. ಅವಳು ಗೈಡ್ ಸಮವಸ್ತ್ರ ತೊಟ್ಟು, ಗೆಳತಿಯರ ಜೊತೆ ತಾನೇ ಹುಗಿದ ಡೇರೆಯಲ್ಲಿ ಮಲಗಿ, ಸರದಿಯ ಮೇಲೆ ರಾತ್ರಿ ಕಾವಲು ನಿಲ್ಲುತ್ತಾಳೆ ಅಂದರೆ ಅದರ ಹಿಂದೆ ಗೈಡ್ ಕ್ಯಾಪ್ಟನ್ ಆಗಿರುವ ಟೀಚರ್ ಮನೆಮನೆಗೆ ಹೋಗಿ ಅಪ್ಪಂದಿರನ್ನು ಒಪ್ಪಿಸಿದ ಓಡಾಟ ಇರುತ್ತದೆ. ಅಂಥ ಟೀಚರುಗಳ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಕತ್ತಲಾದ ಮೇಲೆ ಶಿಬಿರಾಗ್ನಿ. ಸೌದೆಯನ್ನು ಚೌಕವಾಗಿ ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ನಡುವೆ ಪುರಲೆ ತುಂಬಿ ಹಚ್ಚುತ್ತಾರೆ. ಮೊದಲು ಗದ್ದಲದ ಹಾಡು, ಕೂಗು, ನಗೆಯಾಟ. ಉರಿ ತಗ್ಗಿದಂತೆ ಹಾಡೂ ಮೆತ್ತಗಾಗಬೇಕು ಎಂಬುದು ನಡೆದುಬಂದ ಪದ್ಧತಿ. ತಾಂಡಾದ ಹುಡುಗಿಯರು ಲಂಬಾಣಿ ಹಾಡು ಕಟ್ಟುತ್ತಾರೆ. ಆ ಹಾಡಿನ ಅರ್ಥ ಬೇರೆ ಯಾರಿಗೂ ಗೊತ್ತಿಲ್ಲ, ಚಪ್ಪಾಳೆ ಎಲ್ಲರಿಗೂ ಗೊತ್ತು. ಸವಳಂಗದ ಸುತ್ತಿನ ತಾಂಡಾಗಳ ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ. ಲಂಬಾಣಿಗರು ಆರಾಧಿಸುವ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ಇದೇ ನ್ಯಾಮತಿ ಸೀಮೆಯಲ್ಲಿ. ಲಕ್ಷಗಟ್ಟಲೆ ಜನ ಬರುವ ಅಲ್ಲಿನ ಜಾತ್ರೆಯ ಹಾಡು ಶಾಲೆಯ ವೇದಿಕೆಗೆ ಬರಲು ಸಂಕೋಚಪಡುತ್ತದೆ, ಬೆಂಕಿಯ ಸುತ್ತ ಪಡುವುದಿಲ್ಲ.

2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ನಾಡಿನ ಸ್ಕೌಟ್, ಗೈಡ್ ಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಕೂಡಿದರು. ಅದು ದೊಡ್ಡ ಹಬ್ಬ, ಆಗಬೇಕಾದದ್ದೇ. ಅಷ್ಟು ದೊಡ್ಡ ಊಟದ ಸಾಲಿನಲ್ಲಿ ಅನ್ನ ಬೇಯಿಸುವುದು ಮಾತ್ರ ಬಾಣಸಿಗರ ಕೆಲಸ. ಪೇಟೆಗಳಲ್ಲಿ ಬೇಸಿಗೆ ಶಿಬಿರ ಅಂದರೆ ಈಗ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಕರೆತರುವ ಚಿತ್ರಕಲೆ, ಕೀಬೋರ್ಡು, ಕರಾಟೆಯ ತರಗತಿ. ಶುಲ್ಕ ಕಟ್ಟಿದವರ ಮಕ್ಕಳಿಗೆ. ಕಲಿಕೆ ಬೇಡ ಅನ್ನಲಾರೆ. ಆದರೆ ಹತ್ತೋ ಹನ್ನೆರಡೋ ಮಕ್ಕಳು, ಒಂದು ಡೇರೆ, ಒಂದು ಒಲೆ, ಎದುರಿಗೆ ಒಂದು ಕೆರೆ ಇದ್ದರೆ ಆಗುವ ಕೆಲಸವನ್ನು ಆ ತರಗತಿ ಮಾಡುವುದಿಲ್ಲ.

ಕೊಂಡಜ್ಜಿಗೆ ಹೋಗಿಬರಲು ಎಲ್ಲ ಶಾಲೆಗೂ ಆಗುವುದಿಲ್ಲ. ಬಸ್ಸಿನ ಖರ್ಚಿದೆ, ಮೇಷ್ಟ್ರಿಗೆ ರಜೆಯಲ್ಲೂ ಬೇರೆ ಸರ್ಕಾರಿ ಕೆಲಸಗಳ ಹೊರೆ ಇದೆ, ಎಷ್ಟೋ ಶಾಲೆಗಳಲ್ಲಿ ತರಬೇತಿ ಪಡೆದ ಸ್ಕೌಟ್ ಮೇಷ್ಟ್ರೇ ಇಲ್ಲ. ಹಾಗಂತ ಸವಳಂಗಕ್ಕೆ ಕೆರೆ ಇಲ್ಲವೇ? ಚನ್ನಗಿರಿಗೆ ಇಲ್ಲವೇ? ಶಾಲೆಗಳೆಲ್ಲ ಕೂಡಿ ಎರಡು ರಾತ್ರಿಯ ಶಿಬಿರವನ್ನು ಊರ ಕೆರೆ ದಂಡೆಯಲ್ಲೇ ನಡೆಸಬಹುದು. ಅದಕ್ಕೆ ಬೇಕಾದ್ದು ಇಷ್ಟು: ಗೋಡು ತೆಗೆದ ಗುಂಡಿಗಳ ಸುತ್ತ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿಸುವ ಗ್ರಾಮ ಪಂಚಾಯಿತಿ, ಈಜು ಚೆನ್ನಾಗಿ ಬಲ್ಲ ನಾಲ್ಕು ಜನ ಊರ ಹುಡುಗರು, ಕೊಂಡಜ್ಜಿಯಲ್ಲಿ ಕಲಿತು ಬಂದ ಒಬ್ಬ ಮೇಷ್ಟ್ರು ಮತ್ತು ಒಬ್ಬ ಟೀಚರ್, ಕುಡಿಯುವ ನೀರಿನ ಒಂದು ಟ್ಯಾಂಕರ್, ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಿರುವ ಶೌಚಾಲಯ. ಅಕ್ಕಿ ಬೇಳೆಯನ್ನು ಮಕ್ಕಳೇ ಮನೆಯಿಂದ ಸೇರು ಪಾವು ತಂದು ಒಂದೇ ಚೀಲಕ್ಕೆ ಸುರಿಯಲಿ. ಈ ಏಪ್ರಿಲ್ ಆಗದಿದ್ದರೆ ದಸರಾ ರಜೆ ಇದೆ; ಆಗ ಕೆರೆಯಲ್ಲಿ ನೀರೂ ಇರುತ್ತದೆ.